ಸೀಲಿ ದಾರಿಯಲ್ಲಿ ನಿಂತ ಬಸ್ಸು

ಸಭೆಯ ಅಧ್ಯಕ್ಷರೂ ನಮ್ಮ ಪಂಚಾಯಿತಿಯ ಮುಖ್ಯಸ್ಥರೂ ಆದ ಲಾಯ್ಮೊನಿಸ್ ಅವರೇ, ಜಿಲ್ಲಾ ಕೇಂದ್ರದಿಂದ ದಯಮಾಡಿಸಿರುವ ಅತಿಥಿಗಳೇ, ವೀಟುಪೆ ಗಾಯನ ವೃಂದದ ಗೆಳತಿಯರೇ, ಮುಂದಿನ ಸಾಲುಗಳಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ತಾಯಂದಿರೇ, ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕುಳಿತಿರುವವರೇ, ಎಲ್ಲ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. "ಗುಂದೆಗಾ, ನೀನು ಲೈಬ್ರರಿಯವಳು. ಇಡೀ ಪುಸ್ತಕ ಓದ್ಬೇಡ, ಮುನ್ನುಡಿ ಓದಿ ಇಳಿದುಬಿಡು" ಎಂದು ಅಧ್ಯಕ್ಷರು ಮೆಟ್ಟಿಲ ಬಳಿಯೇ ಎಚ್ಚರಿಸಿದ್ದಾರೆ. ಅಕಾರ್ಡಿಯನ್ ಹಿಡಿದರೆ ನಿಲ್ಲಿಸಲು ಮರೆತುಹೋಗುವ ಮನುಷ್ಯ ನನಗೆ ಸಮಯಪಾಲನೆಯ ಪಾಠ ಹೇಳಿದ್ದನ್ನು ಸಭೆಯ ಗಮನಕ್ಕೆ ತರುತ್ತೇನೆ.

ನನಗೆ ಕೊಟ್ಟಿರುವ ವಿಷಯ: ನಮಗೆ ಸ್ವಾತಂತ್ರ್ಯ ಬಂದ ಬಗೆ. ಮುನ್ನುಡಿಯನ್ನು ಮೊದಲು ಮುಗಿಸುತ್ತೇನೆ. ೧೯೧೮ರ ನವೆಂಬರಿನಲ್ಲಿ ಲಾಟ್ವಿಯಾ ಸ್ವತಂತ್ರ ದೇಶವಾಯಿತು. ೧೯೪೦ರಲ್ಲಿ ಆ ಸ್ವಾತಂತ್ರ್ಯ ಮಾಸ್ಕೋದವರ ಪಾಲಾಯಿತು. ನಮ್ಮನ್ನು ಕೇಳದೆ ಇಬ್ಬರು ಬಲಾಢ್ಯರು ನಕ್ಷೆಯ ಮೇಲೆ ಗೆರೆ ಎಳೆದ ಗುಟ್ಟಿನ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ ದಿನ, ಅಂದರೆ ೧೯೮೯ರ ಇದೇ ಆಗಸ್ಟ್ ಇಪ್ಪತ್ತಮೂರರ ಸಂಜೆ ಏಳಕ್ಕೆ, ನಮ್ಮದೂ ಅಕ್ಕಪಕ್ಕದವೂ ಸೇರಿ ಮೂರು ನಾಡಿನ ಜನ ವಿಲ್ನಿಯಸ್‌ನಿಂದ ರೀಗಾ ದಾಟಿ ತಾಲ್ಲಿನ್‌ವರೆಗೆ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. ಮರುವರ್ಷ ಮೇ ನಾಲ್ಕರಂದು ನಮ್ಮ ಶಾಸನಸಭೆ ಸ್ವಾತಂತ್ರ್ಯದ ಪರವಾಗಿ ಮತ ಹಾಕಿತು. ಅದರ ಮುಂದಿನ ಜನವರಿಯಲ್ಲಿ ಹಳ್ಳಿಯವರು ಟ್ರ್ಯಾಕ್ಟರು, ಮರದ ದಿಮ್ಮಿಯ ಲಾರಿಗಳನ್ನು ತಂದು ಮಾಸ್ಕೋದ ಟ್ಯಾಂಕುಗಳು ನುಗ್ಗದಂತೆ ರೀಗಾದ ಬೀದಿಗಳಿಗೆ ಅಡ್ಡ ಹಾಕಿ, ಬೆಂಕಿ ಕಾಯಿಸಿಕೊಳ್ಳುತ್ತ ಕಾವಲು ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ ಮಾಸ್ಕೋದವರ ಕೈ ಸೋತಿತು, ಜಗತ್ತು ನಮ್ಮನ್ನು ದೇಶವೆಂದು ಒಪ್ಪಿತು.

ಮುನ್ನುಡಿ ಮುಗಿಯಿತು. ಇಳಿಯಬೇಕಿತ್ತು. ಇಳಿಯುತ್ತಿಲ್ಲ.

ನಮ್ಮಲ್ಲಿ ಸ್ವಾತಂತ್ರ್ಯವನ್ನು ಒಂದೇ ದಿನ ಆಚರಿಸಿ ಮುಗಿಸುವುದಿಲ್ಲ. ನವೆಂಬರ್ ಹದಿನೆಂಟಕ್ಕೆ ಕಿಟಕಿಯಲ್ಲಿ ಮೇಣದ ಬತ್ತಿ. ಮೇ ನಾಲ್ಕಕ್ಕೆ ಅಂಗಳದಲ್ಲಿ ಬಿಳಿಯ ಮೇಜುಬಟ್ಟೆ ಹಾಸಿ ನೆರೆಹೊರೆಯವರಿಗೆ ಊಟ. ಆದರೆ ಆಗಸ್ಟ್ ಇಪ್ಪತ್ತಮೂರು ಕೈಗಳ ದಿನ. ಇನ್ನು ಸ್ವಲ್ಪ ಹೊತ್ತಿಗೆ, ಗಂಟೆ ಏಳಾದಾಗ, ಈ ವೇದಿಕೆಯಿಂದ ಆ ಬಾಗಿಲವರೆಗೆ ನಾವೆಲ್ಲ ಕೈ ಹಿಡಿದು ಕಾಲು ಗಂಟೆ ನಿಲ್ಲುತ್ತೇವೆ. ಅಂದಿನಂತೆಯೇ ಒಂದು ಮಾತು ಬಾಯಿಂದ ಬಾಯಿಗೆ ಸಾಗುತ್ತದೆ: ಬಿಡುಗಡೆ. ಮೂಗು ತುರಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಪಕ್ಕದವರ ಕೈ ಬಿಡದೆ ಅವರ ಭುಜಕ್ಕೆ ಮೂಗು ಉಜ್ಜುವ ವಿದ್ಯೆಯನ್ನು ವೀಟುಪೆಯ ಮಕ್ಕಳು ನಡೆಯುವುದಕ್ಕೆ ಮುಂಚೆಯೇ ಕಲಿಯುತ್ತಾರೆ.

ಈಗಷ್ಟೇ ಅಧ್ಯಕ್ಷರು ಸ್ವಾಗತ ಭಾಷಣದಲ್ಲಿ ಒಂದು ಮಾತು ಹೇಳಿದರು. ಅಂದು ನಮ್ಮೂರಿನ ಬಸ್ಸು ಹೆದ್ದಾರಿ ತಲುಪಲೇ ಇಲ್ಲ, ಚಾಲಕ ದಾರಿ ತಪ್ಪಿಸಿದ್ದರಿಂದ ವೀಟುಪೆಯವರು ಸೀಲಿ ತೋಟದ ಮಣ್ಣುದಾರಿಯಲ್ಲಿ ಯಾರಿಗೂ ಸೇರದೆ ನಿಂತರು ಎಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ, ಅಭ್ಯಾಸಬಲ. ಜಿಲ್ಲಾ ಕೇಂದ್ರದ ಅತಿಥಿಗಳು ಈ ಕಥೆಯನ್ನು ಮೆಚ್ಚಿಕೊಂಡು, ಎಲೆ ಉದುರುವ ಮುಂಚೆ ಸೀಲಿ ದಾರಿಯಲ್ಲಿ ಒಂದು ಫಲಕ ನಿಲ್ಲಿಸುವುದಾಗಿ ಘೋಷಿಸಿದ್ದಾರೆ. ಸಂತೋಷ. ನಗೆಯನ್ನು ಮರೆಯಬಹುದು, ಫಲಕದ ಮೇಲೆ ಬರೆದದ್ದು ಮಳೆ ಹಿಮಕ್ಕೂ ಅಳಿಯದೆ ನಿಲ್ಲುತ್ತದೆ. ಆದ್ದರಿಂದ ಬರೆಯುವ ಮುಂಚೆ ಕೇಳಿ. ಆ ಬಸ್ಸಿನಲ್ಲಿ ನಾನಿದ್ದೆ. ನನಗೆ ಹನ್ನೆರಡು ವರ್ಷ.

ಅದು ಸಾಮೂಹಿಕ ಬೇಸಾಯ ಕೇಂದ್ರದ ಬಸ್ಸು. ಓಡಿಸುತ್ತಿದ್ದವರು ಅರ್ಕಾದಿ ಯೆಗೊರೊವಿಚ್, ನಮಗೆಲ್ಲ ಅರ್ಕಾದಿ ಮಾಮ. ರಷ್ಯಾದ ಪ್ಸ್ಕೋವ್ ಕಡೆಯವರು, ಹರೆಯದಲ್ಲಿ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ನಮ್ಮ ಗಾಯನ ವೃಂದ, ಹಾಲಿನ ಕೇಂದ್ರದವರು, ಶಾಲೆಯವರು, ಎಲ್ಲರೂ ಹತ್ತಿದ್ದೆವು. ಬಸ್ಸಿನ ತುಂಬ ಬಿಸಿ ಪೀರಾಗಿಯ ವಾಸನೆ. ಹಂದಿಮಾಂಸ, ಈರುಳ್ಳಿ ತುಂಬಿ ಬೇಯಿಸಿದ ಆ ಪುಟ್ಟ ಬನ್ನುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಡದೆ ನಮ್ಮವರು ಯಾವ ಕ್ರಾಂತಿಯನ್ನಾದರೂ ಮಾಡಿದ್ದಾರೆಯೇ? ಲಾಯ್ಮೊನಿಸ್ ಅವರು ಆಗ ತಲೆತುಂಬ ಕೂದಲಿದ್ದ ಹುಡುಗ. ಹಿಂದಿನ ಸೀಟಿನಲ್ಲಿ ಅಕಾರ್ಡಿಯನ್ ಬಾರಿಸುತ್ತಿದ್ದರು. ಆರಕ್ಕೆ ಹೆದ್ದಾರಿಯಲ್ಲಿ ನಮಗೆ ಗೊತ್ತು ಮಾಡಿದ್ದ ಜಾಗದಲ್ಲಿರಬೇಕಿತ್ತು. ಬೇಕಾದಷ್ಟು ಸಮಯವಿತ್ತು.

ಸೀಲಿ ತಿರುವು ಬಂದಾಗ ನನ್ನ ಅಮ್ಮ ವೆಲ್ತಾ ಎದ್ದು ಹೋಗಿ ಚಾಲಕನ ಬೆನ್ನ ಹಿಂದಿನ ಕಂಬಿ ಹಿಡಿದು ನಿಂತಳು.

"ಅರ್ಕಾದಿ, ಎಡಕ್ಕೆ ತಿರುಗಿಸು. ನಮ್ಮಮ್ಮನ್ನೂ ಕರಕೊಂಡ್ಬಿಡೋಣ."

"ಟೈಮಾಗುತ್ತಲ್ಲ, ವೆಲ್ತಾ?"

"ಐದು ನಿಮಿಷದ ಕೆಲಸ."

ಅವರು ತಿರುಗಿಸಿದರು. ಹಾಲಿನ ಕೇಂದ್ರದಲ್ಲಿ, ಅಂಗಡಿಯಲ್ಲಿ, ಎಲ್ಲರೆದುರು ಅಮ್ಮ ಅವರನ್ನು "ಅರ್ಕಾದಿ ಯೆಗೊರೊವಿಚ್, ನೀವು" ಎಂದೇ ಮಾತಾಡಿಸುತ್ತಿದ್ದಳು. ಆ ದಿನ ಅವಸರದಲ್ಲಿ ಹೀಗೆ ಬಾಯಿಗೆ ಬಂತು. ಅದಿರಲಿ, ಈ ಮಾತು ಇಲ್ಲಿ ಅನಗತ್ಯ.

ಅಮ್ಮನ ತಾಯಿ, ಸೀಲಿ ತೋಟದ ಎಮೀಲಿಯಾ ಅಜ್ಜಿಯನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಅಂಗಳದಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು.

"ಏನೇ ಇದು ದಿಬ್ಬಣ?"

"ಕೈ ಹಿಡಿದು ನಿಲ್ಲೋಕೆ ಹೋಗ್ತಿದೀವಿ, ಬಾಮ್ಮ. ರೇಡಿಯೋದಲ್ಲಿ ಹೇಳ್ತಾ ಇದಾರಲ್ಲ."

"ಬಸ್ಸು ಓಡಿಸೋನು ಯಾರು?"

ಅಜ್ಜಿ ಬಗ್ಗಿ ಚಾಲಕನ ಮುಖ ನೋಡಿದಳು. "ಅವರ ಗಾಡಿ ಒಂದ್ಸಲ ಹತ್ತಿದೀನಿ ಕಣೆ. ಇಳಿಯೋಕೆ ಏಳು ವರ್ಷ ಹಿಡೀತು. ನೀವು ಹೋಗಿ."

ಅಜ್ಜಿ ಹೇಳಿದ್ದು ಯಾವ ಗಾಡಿಯ ಮಾತೆಂದು ಈ ಸಭೆಯಲ್ಲಿ ವಿವರಿಸಬೇಕಿಲ್ಲ. ೧೯೪೯ರ ಮಾರ್ಚಿನಲ್ಲಿ ಸೈಬೀರಿಯಾಕ್ಕೆ ಹೊರಟ ಗಡೀಪಾರಿನ ರೈಲು ಯಾರ ಮನೆಯಿಂದ ಯಾರನ್ನು ಹತ್ತಿಸಿಕೊಂಡಿತು ಎಂಬುದು ಎಲ್ಲರಿಗೂ ಗೊತ್ತು. ಆಗ ಅರ್ಕಾದಿ ಮಾಮ ಬಸ್ಸಿನಿಂದ ಇಳಿದರು. ಟೋಪಿ ತೆಗೆದರು. ತಮ್ಮ ಮುರುಕು ಲಾಟ್ವಿಯನ್‌ನಲ್ಲಿ ಹೇಳಿದರು:

"ತಾಯೀ, ಇದು ಸಂಜೆಗೆ ವಾಪಸ್ ಬರೋ ಗಾಡಿ. ನಾನೇ ತಂದು ಇದೇ ಬಾಗಿಲಲ್ಲಿ ಬಿಡ್ತೀನಿ."

ಅಜ್ಜಿ ಅವರನ್ನು ಸಂತೆಯಲ್ಲಿ ಕುದುರೆ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. "ಸರಿ. ಆದ್ರೆ ಹಸು ಕರೀಬೇಕು. ಹಸು ಕರೀದೆ ನಾನು ಎಲ್ಲಿಗೂ ಬರಲ್ಲ."

"ಅಜ್ಜೀ, ಹಸು ಇವತ್ತೊಂದಿನ ಕಾಯುತ್ತೆ, ಸ್ವಾತಂತ್ರ್ಯ ಕಾಯಲ್ಲ!" ಎಂದು ಬಸ್ಸಿನ ಕಿಟಕಿಯಿಂದ ಒಬ್ಬ ಹುಡುಗ ಕೂಗಿದ. ಅಧ್ಯಕ್ಷರೇ, ತಲೆ ತಗ್ಗಿಸಬೇಡಿ, ಕೂಗಿದ್ದು ನೀವೇ.

"ಐವತ್ತು ವರ್ಷ ಕಾದಿದೆಯಲ್ಲಪ್ಪ ನಿನ್ನ ಸ್ವಾತಂತ್ರ್ಯ. ನಮ್ಮ ಬ್ರೂನಾಲ್ಯಾನ ಕೆಚ್ಚಲು ಅರ್ಧ ಗಂಟೆ ಕಾಯಲ್ಲ."

ಸಭಿಕರೇ, ಬೇರೆ ಯಾವ ಊರಿನವರಾದರೂ ಅಜ್ಜಿಯನ್ನು ಬಿಟ್ಟು ಹೊರಟುಬಿಡುತ್ತಿದ್ದರು. ಅಥವಾ ಎತ್ತಿ ಬಸ್ಸಿಗೆ ಹಾಕಿಕೊಳ್ಳುತ್ತಿದ್ದರು. ನಾವು ವೀಟುಪೆಯವರು. ಕೆಚ್ಚಲು ತುಂಬಿದ ಹಸುವನ್ನು ಕರೆಯದೆ ಬಿಟ್ಟು ಹೋಗುವುದು ಪಾಪ ಎಂಬುದರಲ್ಲಿ ಆ ಬಸ್ಸಿನ ಒಬ್ಬರಿಗೂ ಅನುಮಾನವಿರಲಿಲ್ಲ. ಇಳಿದು ಬೇಲಿಯ ಬಳಿ ನಿಂತೆವು. ಗಾಯನ ವೃಂದದವರು, ಹೇಗೂ ಸಮಯವಿದೆ ಎಂದು ಹಾಡಿನ ಅಭ್ಯಾಸ ಶುರು ಮಾಡಿದರು. ಬ್ರೂನಾಲ್ಯಾಗೆ ಹಾಡು ಹಿಡಿಸಲಿಲ್ಲ. ಒದ್ದಳು. ಬಕೆಟ್ಟು ಮಗುಚಿತು. ಅಜ್ಜಿ ಬೈದದ್ದನ್ನು ಅತಿಥಿಗಳ ಎದುರು ಹೇಳಲಾರೆ. ಕೊನೆಗೆ ಅರ್ಕಾದಿ ಮಾಮ ಹಸುವಿನ ಕೊರಳು ತಬ್ಬಿ, ಅದರ ಕಿವಿಯಲ್ಲಿ ರಷ್ಯನ್ನಿನಲ್ಲಿ ಏನೋ ಗೊಣಗುತ್ತ ನಿಂತರು. ಹಾಲು ಇಳಿಯಿತು. "ನೋಡು, ಭಾಷೆಯ ಜಗಳ ನನಗೇ ಹೊರತು ಇದಕ್ಕಿಲ್ಲ" ಎಂದಳು ಅಜ್ಜಿ.

ಆ ಬೆಚ್ಚನೆಯ ಹಾಲನ್ನು ಒಂದೇ ಲೋಟದಲ್ಲಿ ಎಲ್ಲರಿಗೂ ಹಂಚಿದಳು. ಪೀರಾಗಿಯ ಜೊತೆ ಕುಡಿದೆವು. ಕುಡಿದವರು ಈ ಸಭಾಂಗಣದಲ್ಲಿ ಇನ್ನೂ ಇದ್ದೀರಿ. ಮೂರನೆಯ ಸಾಲಿನಲ್ಲಿ ನನಗೆ ಕಾಣುತ್ತಿದ್ದೀರಿ. ವೇದಿಕೆಯ ಮೇಲೂ ಒಬ್ಬರಿದ್ದೀರಿ, ಎರಡು ಸಲ ಕುಡಿದವರು.

ಹೀಗೆ ತಡವಾಯಿತು. ನಾವು ಮರಳಿ ತಿರುವಿಗೆ ಬರುವಷ್ಟರಲ್ಲಿ ಕಾರುಗಳು ಸೂಜಿ ತೂರದ ಹಾಗೆ ತುಂಬಿಕೊಂಡಿದ್ದವು. ಇಡೀ ದೇಶ ರಸ್ತೆಗೆ ಇಳಿದಿತ್ತು. ಅರ್ಕಾದಿ ಮಾಮ ಬಸ್ಸನ್ನು ಹಿಂದಕ್ಕೆ ತೆಗೆದು, ಸೀಲಿ ದಾರಿಯ ಇನ್ನೊಂದು ತುದಿಯಿಂದ ಹೆದ್ದಾರಿ ಸೇರಬಹುದೇ ಎಂದು ಹೊಲಗಳ ನಡುವೆ ಓಡಿಸಿದರು. ಬೆವರು ಅವರ ಕಾಲರಿನಿಂದ ಇಳಿಯುತ್ತಿದ್ದುದನ್ನು ನಾನು ನೋಡಿದೆ. ದಾರಿ ತಪ್ಪಿಸುವವನು ಹಾಗೆ ಬೆವರುವುದಿಲ್ಲ. ಯಾರದೋ ಮಡಿಲಲ್ಲಿದ್ದ ರೇಡಿಯೋ "ಕೈ ಹಿಡಿಯಿರಿ" ಎಂದಿತು. ಏಳಾಗಿತ್ತು.

"ನಿಲ್ಸು, ನಿಲ್ಸು! ಎಲ್ಲಿದೀವೋ ಅಲ್ಲೇ!" ಎಂದು ಎಲ್ಲರೂ ಕೂಗಿದರು.

ಇಳಿದೆವು. ಕಟಾವಾದ ಹೊಲದ ಪಕ್ಕ, ಧೂಳಿನ ದಾರಿಯಲ್ಲಿ ಸಾಲಾಗಿ ನಿಂತೆವು. ಇಪ್ಪತ್ತು ಲಕ್ಷ ಜನ ನಿಂತಿದ್ದರೆಂದು ಹೇಳುತ್ತಾರೆ. ಆ ಇಪ್ಪತ್ತು ಲಕ್ಷದಲ್ಲಿ ಯಾರ ಕೈಯೂ ಖಾಲಿ ಇರಲಿಲ್ಲ. ನಮ್ಮ ಸಾಲಿನಲ್ಲಿ ಮಾತ್ರ ಎರಡು ಕೈ ಖಾಲಿ ಇದ್ದವು, ಈ ತುದಿಯದೊಂದು, ಆ ತುದಿಯದೊಂದು. ಒಂದು ತುದಿಯಲ್ಲಿ ಅಜ್ಜಿ. ಅವಳು ದಾರಿಬದಿಯಲ್ಲಿ ಹಾಲಿನ ಕ್ಯಾನು ಇಡುವ ಮರದ ಕಟ್ಟೆಯ ಕಂಬ ಹಿಡಿದುಕೊಂಡಳು. ಇನ್ನೊಂದು ತುದಿಯಲ್ಲಿ ನನ್ನ ಅಮ್ಮ. ಅವಳ ಎಡಗೈಯನ್ನು ನಾನು ಹಿಡಿದಿದ್ದೆ.

"ಅಜ್ಜೀ, ಮಾತು ನಿಮ್ಮಿಂದಾನೇ ಶುರುವಾಗ್ಲಿ, ಆ ಕಡೆ ಯಾರೂ ಇಲ್ಲ" ಎಂದರು ಲಾಯ್ಮೊನಿಸ್.

ಅಜ್ಜಿ ಗಂಟಲು ಸರಿಮಾಡಿಕೊಂಡು ಪಕ್ಕದವಳಿಗೆ ಹೇಳಿದಳು. ಬಿಡುಗಡೆ. ಅದು ಒಂದೊಂದೇ ಬಾಯಿ ದಾಟಿ ಬಂತು. ಕೆಲವರು ನಗುತ್ತ ಹೇಳಿದರು, ಹೆಚ್ಚಿನವರು ಪಿಸುಗುಟ್ಟಿದರು. ಬಿಡುಗಡೆ. ನನ್ನ ಬಳಿಗೆ ಬಂದಾಗ ಅದಕ್ಕೆ ಹಾಲಿನ ವಾಸನೆಯಿತ್ತು. ನಾನು ಅಮ್ಮನಿಗೆ ಕೊಟ್ಟೆ. ಬಿಡುಗಡೆ.

ಅಮ್ಮ ಬಲಕ್ಕೆ ತಿರುಗಿದಳು. ಬಸ್ಸಿನ ಮೂತಿಯ ಪಕ್ಕದಲ್ಲಿ ಅರ್ಕಾದಿ ಮಾಮ ನಿಂತಿದ್ದರು. ಟೋಪಿ ಕೈಯಲ್ಲಿತ್ತು. ಅಮ್ಮ ತುಟಿ ತೆರೆದಳು, ಮುಚ್ಚಿದಳು. ಆಮೇಲೆ ಆ ಬಲಗೈಯನ್ನು ಬಸ್ಸಿನ ಬಿಸಿ ತಗಡಿನ ಮೇಲೆ ಇಟ್ಟಳು. ಮಾಮ ಟೋಪಿ ಹಾಕಿಕೊಂಡು ಬಸ್ಸು ಹತ್ತಿದರು. ಸೀಟಿನಲ್ಲಿ ಕೂತು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದುಕೊಂಡರು. ನಿಂತ ಬಸ್ಸನ್ನು ಓಡಿಸುವವರಂತೆ, ಆ ಕಾಲು ಗಂಟೆಯೂ ಎದುರಿನ ದಾರಿಯನ್ನೇ ನೋಡುತ್ತ ಕುಳಿತಿದ್ದರು.

ಅಮ್ಮ ಕೈ ಚಾಚದಿದ್ದುದಕ್ಕೆ ದೇಶದ ಆಗಿನ ಪರಿಸ್ಥಿತಿಯೇ ಕಾರಣವೆಂದು ನಾನು ಬಹಳ ಕಾಲ ನಂಬಿದ್ದೆ. ದೊಡ್ಡವಳಾದ ಮೇಲೆ ಅರ್ಥವಾಯಿತು, ನಮ್ಮ ಸಾಲಿನ ಕಣ್ಣುಗಳೆಲ್ಲ ಆ ಹೊತ್ತು ಅಮ್ಮನ ಕಡೆಗೇ ಇದ್ದವು. ಅಪ್ಪ ನಮ್ಮನ್ನು ಬಿಟ್ಟು ಹೋಗಿ ಮೂರು ಚಳಿಗಾಲ ಕಳೆದಿತ್ತು. ನಮ್ಮ ಮನೆಯ ಸೌದೆ ಯಾರು ಸೀಳುತ್ತಾರೆ ಎಂಬುದು ಊರಿಗೆ ಆಸಕ್ತಿಯ ವಿಷಯವಾಗಿತ್ತು.

ಮಾತು ಕೊಟ್ಟಂತೆ ಮಾಮ ಅಜ್ಜಿಯನ್ನು ಅದೇ ಬಾಗಿಲಲ್ಲಿ ಇಳಿಸಿದರು. ಹತ್ತುವಾಗ ಕಂಬಿ ಹಿಡಿದು ಹತ್ತಿದ್ದ ಅಜ್ಜಿ ಇಳಿಯುವಾಗ ಅವರ ಕೈ ಹಿಡಿದೇ ಇಳಿದಳು. ನನ್ನ ಕಿವಿಯ ಬಳಿ ಬಗ್ಗಿ ಹೇಳಿದಳು: "ನಿಮ್ಮಮ್ಮ ಬಸ್ಸು ಮುಟ್ಟಿದ್ಲು. ಬಸ್ಸನ್ನ ಅವನು ಹಿಡಿದಿದ್ದ. ಸಾಲಲ್ಲೇ ಇದ್ದ ಬಿಡು."

ಹೀಗಿದ್ದ ಕಥೆ ಬೇರೆ ಕಥೆ ಆದದ್ದು ಹೇಗೆ? ಯಾರೂ ಕೂತು ಸುಳ್ಳು ಹೆಣೆಯಲಿಲ್ಲ. ಪಕ್ಕದ ಊರಿನವರು ಹೆದ್ದಾರಿಯಲ್ಲೇ ನಿಂತಿದ್ದರು. ಸಂತೆಗೆ ಹೋದಾಗಲೆಲ್ಲ "ಏನ್ರೋ ವೀಟುಪೆಯವರೇ, ಹೊಲಕ್ಕೆ ಸ್ವಾತಂತ್ರ್ಯ ಕೊಡಿಸಿಬಂದ್ರಾ?" ಎಂದು ಕಾಡುತ್ತಿದ್ದರು. ಹಸು ಕರೆಯುತ್ತ ನಿಂತಿದ್ದೆವು ಎಂದು ಯಾವ ಬಾಯಿಂದ ಹೇಳುವುದು? ಬಸ್ಸು ತಡವಾಯಿತು ಎಂದೆವು. ಮರುವರ್ಷ, ಚಾಲಕನಿಗೆ ದಾರಿ ಗೊತ್ತಾಗಲಿಲ್ಲ ಎಂದೆವು. ಇನ್ನೂ ಕೆಲವು ವರ್ಷಕ್ಕೆ ಅವನು ಬೇಕೆಂದೇ ತಪ್ಪಿಸಿದ ಎಂದಾಯಿತು. ಹಾಲು ಕುಡಿದವರೂ ಕೇಳಿ ತಲೆಯಾಡಿಸಿದರು. ಅಮ್ಮನೂ ತಿದ್ದಲಿಲ್ಲ. ತಿದ್ದಬೇಕಾದರೆ "ತಿರುಗಿಸು ಅಂದದ್ದು ನಾನು" ಎನ್ನಬೇಕು. "ನೀನಂದ ಕೂಡಲೇ ಅವನ್ಯಾಕೆ ತಿರುಗಿಸಿದ?" ಎಂಬ ಮುಂದಿನ ಪ್ರಶ್ನೆಗೆ ಅವಳು ಹೆದರಿದ್ದಳು.

ಸ್ವಾತಂತ್ರ್ಯ ಬಂತು. ಹೊರಗಿನಿಂದ ಬಂದು ನೆಲೆಸಿದವರು ಪೌರತ್ವಕ್ಕೆ ಪರೀಕ್ಷೆ ಬರೆಯಬೇಕೆಂದಾಯಿತು. ನಾನು ಲೈಬ್ರರಿ ಕೆಲಸಕ್ಕೆ ಸೇರಿದ ಮೇಲೆ ಅರ್ಕಾದಿ ಮಾಮ ಒಂದು ಇಡೀ ಚಳಿಗಾಲ ಅಲ್ಲಿಗೆ ಬಂದು ನನ್ನೆದುರು ಕೂತು ಓದಿದರು. ಸಂವಿಧಾನ ಬಾಯಿಪಾಠ, ರಾಷ್ಟ್ರಗೀತೆ ಬಾಯಿಪಾಠ. ಮೌಖಿಕ ಪರೀಕ್ಷೆಯಲ್ಲಿ ಇದೇ ದಿನದ ಬಗ್ಗೆ ಕೇಳಿದರಂತೆ, ಕೈ ಹಿಡಿದ ಸಾಲು ಎಲ್ಲೆಲ್ಲಿ ಹಾದುಹೋಯಿತು ಎಂದು. ಮಾಮ ಸರಿಯಾಗಿಯೇ ಹೇಳಿದ್ದಾರೆ: ವಿಲ್ನಿಯಸ್, ರೀಗಾ, ತಾಲ್ಲಿನ್. ಆಮೇಲೆ ಸೇರಿಸಿದ್ದಾರೆ: ಸೀಲಿ ದಾರಿ.

"ಅದು ಪುಸ್ತಕದಲ್ಲಿ ಇಲ್ವಲ್ಲ" ಎಂದಿದ್ದಾರೆ ಕೇಳಿದವರು, ನಗುತ್ತಲೇ.

"ಇತ್ತು. ನಾನು ನೋಡ್ದೆ."

"ಅದನ್ನ ಬಿಟ್ಟು ಹೇಳಿ ಸಾಕು, ಉಳಿದಿದ್ದೆಲ್ಲ ಸರಿಯಿದೆ."

"ಬಿಡಕ್ಕಾಗಲ್ಲ. ಪುಸ್ತಕಕ್ಕೆ ಬಂದ ಮೇಲೆ ಬರ್ತೀನಿ" ಎಂದು ಎದ್ದು ಬಂದುಬಿಟ್ಟರು. ಮತ್ತೆ ಹೋಗಲಿಲ್ಲ. ನಮ್ಮೆಲ್ಲರ ಪಾಲಿಗೆ ನಗೆಪಾಟಲಾದ ಆ ದಾರಿಯನ್ನು ದೇಶದ ಚರಿತ್ರೆಯಲ್ಲಿ ಸೇರಿಸಲು ಪಟ್ಟು ಹಿಡಿದವರು ಅವರೊಬ್ಬರೇ. ಇಂದಿಗೂ ಅವರು ಈ ದೇಶದ ಪೌರರಲ್ಲ.

ಅವರು ಪ್ರತಿವರ್ಷ ಈ ಸಭೆಗೆ ಬರುತ್ತಾರೆ. ಕೊನೆಯ ಸಾಲು, ಬಾಗಿಲ ಪಕ್ಕದ ಕುರ್ಚಿ. ಅಧ್ಯಕ್ಷರ ಹಾಸ್ಯಕ್ಕೆ ಎಲ್ಲರ ಜೊತೆ ನಗುತ್ತಾರೆ. ಏಳು ಹೊಡೆಯುವ ಮುಂಚೆ, ನಾವು ಎದ್ದು ಕೈ ಹಿಡಿಯಲು ಹೊರಟಾಗ, ಸಿಗರೇಟು ಸೇದಲು ಹೊರಗೆ ಹೋಗುತ್ತಾರೆ. ನೀವೆಲ್ಲ ನೋಡಿದ್ದೀರಿ. ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅವರು ಸಿಗರೇಟು ಬಿಟ್ಟು ಬಹಳ ವರ್ಷವಾಯಿತು. ಅಮ್ಮನೇ ಬಿಡಿಸಿದಳು. "ಪರದೆಗೆಲ್ಲ ವಾಸನೆ ಹಿಡಿಯುತ್ತೆ" ಎಂದು.

ನಮ್ಮ ಮನೆಯ ಪರದೆಗೆ. ಹೌದು, ಹೇಳಿಬಿಟ್ಟೆ.

ಕಳೆದ ಚಳಿಗಾಲದಲ್ಲಿ ಅಮ್ಮ ಒಲೆಯ ಪಕ್ಕ ಆಲೂಗಡ್ಡೆ ಸುಲಿಯುತ್ತ ಕೇಳಿದಳು: "ಅವತ್ತು ತಿರುಗಿಸು ಅಂದಿದ್ದು ನಾನು ಅಂತ ಯಾರ ಹತ್ರನಾದ್ರೂ ಹೇಳಿದೀಯೇನೇ?"

"ಇಲ್ಲಮ್ಮ."

"ಹೇಳು. ನಾನು ಹೋದ್ಮೇಲೆ ಹೇಳು. ಆಗ ಜನ ಏನಂದ್ರೂ ನಂಗೆ ಭಯ ಇಲ್ಲ."

"ಹೋದ್ಮೇಲೆ ಯಾರಿಗಮ್ಮ ಭಯ ಇರುತ್ತೆ?"

"ಈ ಊರನ್ನ ನಂಬೋಕಾಗಲ್ಲ. ಗೋರಿ ಹತ್ರಾನೂ ಬಂದು ಮಾತಾಡ್ತಾರೆ" ಎಂದು ನಕ್ಕಳು.

ಏಪ್ರಿಲ್‌ನಲ್ಲಿ ಅಮ್ಮ ತೀರಿಕೊಂಡಳು. ಶನಿವಾರಗಳಂದು ನಾನು ಸ್ಮಶಾನಕ್ಕೆ ಹೋಗುವಷ್ಟರಲ್ಲಿ ಯಾರೋ ನಮ್ಮ ವಾಡಿಕೆಯಂತೆ ಗೋರಿಯ ಸುತ್ತಲಿನ ಮರಳನ್ನು ಕೈಕುಂಟೆಯಿಂದ ಗೀರಿ ನೀಟಾಗಿ ಸಾಲು ಎಳೆದಿರುತ್ತಾರೆ, ಹೆಜ್ಜೆಗುರುತೂ ಉಳಿಯದ ಹಾಗೆ, ಹಿಂದಕ್ಕೆ ನಡೆಯುತ್ತ. ನಾನು ನನ್ನ ಕುಂಟೆಯನ್ನು ಹಾಗೇ ಮನೆಗೆ ತರುತ್ತೇನೆ. ಯಾರೆಂದು ಕೇಳಿಲ್ಲ.

ಜಿಲ್ಲಾ ಕೇಂದ್ರದ ಅತಿಥಿಗಳೇ, ಫಲಕಕ್ಕೆ ನನ್ನ ಸಲಹೆ ಸರಳವಾದದ್ದು: "ವೀಟುಪೆಯ ಜನ ಹಸು ಕರೆದು ಹೊರಟದ್ದರಿಂದ ತಡವಾಗಿ ಇಲ್ಲಿ ನಿಂತರು. ಬಸ್ಸು ಓಡಿಸಿದವರು ಅರ್ಕಾದಿ ಯೆಗೊರೊವಿಚ್. ಸಂಜೆ ಎಲ್ಲರನ್ನೂ ಮನೆ ಮುಟ್ಟಿಸಿದರು." ಇದರಲ್ಲಿ ತಪ್ಪಿದ್ದರೆ ಆ ಹಾಲು ಕುಡಿದವರು ಯಾರಾದರೂ ಈಗಲೇ ಎದ್ದು ಹೇಳಲಿ.

ಯಾರೂ ಏಳುತ್ತಿಲ್ಲ. ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ. ಒಪ್ಪಿಗೆ ಎಂದು ತಿಳಿಯುತ್ತೇನೆ.

ಹತ್ತು ನಿಮಿಷ ಎಂದೋ ಮುಗಿದಿದೆ. ಏಳಾಗುತ್ತ ಬಂತು. ಅಲ್ಲಿ ಬಾಗಿಲ ಪಕ್ಕ ಒಬ್ಬರು ಆಗಲೇ ಎದ್ದು ನಿಂತು ಟೋಪಿ ಹುಡುಕುತ್ತಿದ್ದಾರೆ. ಮಾಮ, ಸಿಗರೇಟು ಆಮೇಲೆ. ಲಾಯ್ಮೊನಿಸ್ ಅವರೇ, ಅಂದು ಅಜ್ಜಿಯಿಂದ ಹೊರಡಿಸಿದ ಮಾತನ್ನು ಇಂದು ನೀವೇ ಹೊರಡಿಸಿ, ಈ ವೇದಿಕೆಯಿಂದ. ಅವಸರ ಮಾಡಬೇಡಿ. ಮಕ್ಕಳೇ, ನಗದೆ ದಾಟಿಸಿ. ಅಮ್ಮನ ಬಳಿ ನಿಂತುಹೋದ ಮಾತು ಅದು, ಇನ್ನೂ ಒಬ್ಬರಿಗೆ ತಲುಪಬೇಕು. ನಾನು ಈಗ ವೇದಿಕೆ ಇಳಿದು ಕೊನೆಯ ಸಾಲಿಗೆ ಹೋಗಿ ಅಮ್ಮ ನಿಂತಿದ್ದ ಜಾಗದಲ್ಲಿ ನಿಲ್ಲುತ್ತೇನೆ. ಎಡಗೈಯನ್ನು ನಿಮ್ಮಲ್ಲಿ ಯಾರಾದರೂ ಹಿಡಿದುಕೊಳ್ಳಿ.

ಬಲಗೈ ಖಾಲಿ ಇದೆ, ಮಾಮ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.